ಅವರೆಗೆ ಕತ್ತಲು, ಸೇವಂತಿಗೆಗೆ ಬಲ್ಬು

ಶಿರಾ ತಾಲ್ಲೂಕಿನ ಹುಲಿಕುಂಟೆ ಹೋಬಳಿಯಲ್ಲಿರುವ ನಮ್ಮ ದೊಡ್ಡಪ್ಪನ ಹೊಲದ ಬದುವಿಗೆ ತಾಗಿದಂತೆ ಒಂದು ಬೀದಿದೀಪ ಬಂತು. ಊರು ದಾಟಿದ ಮೇಲೆ ಸಿಗುವ ಮೊದಲ ತಿರುವಿನಲ್ಲೇ ಆ ಕಂಬ. ಅದರ ತುದಿಯಲ್ಲಿ ಬಿಳಿ ಬೆಳಕಿನ ಎಲ್‌ಇಡಿ. ಕತ್ತಲಲ್ಲಿ ಹಾವು ಚೇಳು ತುಳಿಯುವ ಭಯ ತಪ್ಪಿತೆಂದು ಎಲ್ಲರಿಗೂ ಸಮಾಧಾನವಾಗಿತ್ತು. ಆ ವರ್ಷ ರಾಗಿ ಕೊಯ್ದಾದ ಮೇಲೆ ಅಕ್ಕಡಿ ಸಾಲಿನ ಅವರೆ ಎಂದಿನಂತೆ ಹೂ ಕಚ್ಚಿ ಕಾಯಿ ಹಿಡಿಯಿತು. ಪುಷ್ಯ ಮಾಸದ ಒಂದು ಬೆಳಿಗ್ಗೆ ಕಾಯಿ ಬಿಡಿಸಲು ಹೋದಾಗ ದೊಡ್ಡಪ್ಪ ಕಂಬದ ಬುಡ ತೋರಿಸಿ, ‘ಇಲ್ಲಿ ನೋಡು, ಎಲ್ಲಾ ಬರೀ ಸೊಪ್ಪು’ ಎಂದರು.

ಕುಕ್ಕುರುಗಾಲಲ್ಲಿ ಕೂತು ಬಳ್ಳಿ ಎತ್ತಿ ನೋಡಿದೆ. ಅಂಗೈಯಗಲದ ಎಲೆ, ಕಪ್ಪಿಗೆ ತಿರುಗಿದ ಹಸಿರು, ಒಂದರ ಮೇಲೊಂದು ಹೊರಳಿದ ಕುಡಿ. ಹೂಗೊಂಚಲು ಒಂದೂ ಇಲ್ಲ. ನಾಲ್ಕು ಹೆಜ್ಜೆ ಆಚೆ ಕಡ್ಡಿ ಮೂಡಿತ್ತು, ಮೊಗ್ಗು ಹರಳಿನಷ್ಟೇ. ಇನ್ನೂ ಹತ್ತು ಹೆಜ್ಜೆ ಹೋದರೆ ಸೊಗಡು ಮೂಗಿಗೆ ಅಡರುವಷ್ಟು ಕಾಯಿ, ಕೈಗೆ ಅಂಟುವ ಸೊನೆ. ಯಾರೋ ಕಂಬಕ್ಕೆ ಹಗ್ಗ ಕಟ್ಟಿ ಸುತ್ತಿ ಗೆರೆ ಎಳೆದಂತೆ ಹಸಿರು ಗುಂಡಗೆ ನಿಂತಿತ್ತು. ‘ಗೊಬ್ಬರ ಜಾಸ್ತಿ ಬಿದ್ದು ಗಿಡ ಸೊಕ್ಕಿದೆ’ ಎಂಬುದು ದೊಡ್ಡಪ್ಪನ ತೀರ್ಮಾನ. ಆದರೆ ಗೊಬ್ಬರ ಹಾಗೆ ಗುಂಡಗೆ ಬೀಳುವುದಿಲ್ಲ. ಗುಂಡಗೆ ಬೀಳುವುದು ಬೆಳಕು.

ಗಿಡಕ್ಕೆ ದೀಪ ಹಾಕುವ ವಿಷಯದಲ್ಲಿ ನಾನು ಓದಿದ್ದು, ಕೇಳಿದ್ದು, ಕೈಯಾರೆ ಮಾಡಿದ್ದು ಎಲ್ಲ ಆ ಬೆಳಿಗ್ಗೆ ಒಂದು ದಾರಕ್ಕೆ ಪೋಣಿಸಿಕೊಂಡಿತು. ಬೆಳಕು ಗಿಡಕ್ಕೆ ಎರಡು ಬಗೆಯಲ್ಲಿ ಮುಟ್ಟುತ್ತದೆ. ಒಂದು ಊಟವಾಗಿ, ಇನ್ನೊಂದು ಸುದ್ದಿಯಾಗಿ. ಊಟಕ್ಕೆ ರಾಶಿ ಬೆಳಕು ಬೇಕು. ಸುದ್ದಿಗೆ ಚೂರು ಸಾಕು. ಮಾರುಕಟ್ಟೆಯಲ್ಲಿ ‘ಗ್ರೋ ಲೈಟ್’ ಎಂದು ಮಾರುವವರು ಈ ಎರಡನ್ನೂ ಒಂದೇ ಡಬ್ಬಕ್ಕೆ ತುಂಬುತ್ತಾರೆ. ಶಿರಾ, ಮಧುಗಿರಿ, ಪಾವಗಡದಂಥ ಬಿಸಿಲ ಸೀಮೆಯ ರೈತ ಇವೆರಡನ್ನೂ ಬೇರ್ಪಡಿಸಿ ನೋಡದಿದ್ದರೆ ದುಡ್ಡು ಕಳೆದುಕೊಳ್ಳುತ್ತಾನೆ.

ಮೊದಲು ಸುದ್ದಿಯ ವಿಚಾರ. ನಾಟಿ ಅವರೆ ಚಳಿಗಾಲದಲ್ಲೇ ಹೂ ಬಿಡುವುದು ಚಳಿಗೆ ಅಂತ ನಾವೆಲ್ಲ ತಿಳಿದಿದ್ದೆವು. ಅದು ಲೆಕ್ಕ ಇಡುವುದು ರಾತ್ರಿಯ ಉದ್ದವನ್ನು. ನಮ್ಮ ಅಕ್ಷಾಂಶದಲ್ಲಿ ಜೂನ್ ಕೊನೆಯ ಹಗಲು ಸುಮಾರು 12 ಗಂಟೆ 55 ನಿಮಿಷ, ಡಿಸೆಂಬರ್ ಕೊನೆಯದು 11 ಗಂಟೆ 20 ನಿಮಿಷ. ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ಗಡಿಯಾರ ನೋಡದೆ ಬದುಕುವ ಮನುಷ್ಯನಿಗೆ ಅದು ಗೊತ್ತೇ ಆಗುವುದಿಲ್ಲ, ಅವರೆಗೆ ಗೊತ್ತಾಗುತ್ತದೆ.

ಗಿಡ ಹೀಗೆ ಹಗಲು ರಾತ್ರಿಯ ಉದ್ದಕ್ಕೆ ಸ್ಪಂದಿಸುತ್ತದೆಂದು ಮೊದಲು ಗಟ್ಟಿಯಾಗಿ ತೋರಿಸಿಕೊಟ್ಟವರು ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್. ‘ಮೇರಿಲ್ಯಾಂಡ್ ಮ್ಯಾಮತ್’ ಎಂಬ ತಂಬಾಕು ತಳಿ ಬೇಸಿಗೆಯಲ್ಲಿ ಆಳೆತ್ತರ ಮೀರಿ ಬೆಳೆದರೂ ಹೂ ಬಿಡುತ್ತಿರಲಿಲ್ಲ. ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ಗಿಡ್ಡಗಿದ್ದಾಗಲೇ ಬಿಡುತ್ತಿತ್ತು. ಅವರು ಬೇಸಿಗೆಯಲ್ಲೇ ಆ ಗಿಡಗಳನ್ನು ಸಂಜೆಗೆ ಮುಂಚೆಯೇ ಕತ್ತಲ ಕೊಟ್ಟಿಗೆಗೆ ಸಾಗಿಸಿ, ಬೆಳಿಗ್ಗೆ ತಡವಾಗಿ ಹೊರಗೆ ತಂದರು. ಗಿಡ ಹೂ ಬಿಟ್ಟಿತು. 1920ರಲ್ಲಿ ಅವರ ಬರಹ ಪ್ರಕಟವಾಯಿತು. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಅವರು ಆರಿಸಿಕೊಂಡ ಗಿಡ ನಮ್ಮ ಕೆರೆಯಂಗಳದಲ್ಲಿ ಬೆಳೆದು ಪಂಚೆಗೆ ಮುಳ್ಳುಕಾಯಿ ಅಂಟಿಸುವ ಮರುಳುಮತ್ತಿ. ಹಗಲನ್ನು ನಡುವೆ ಕತ್ತಲು ಮಾಡಿ ತುಂಡರಿಸಿದರೆ ಅದು ಲೆಕ್ಕಿಸಲಿಲ್ಲ. ಉದ್ದ ರಾತ್ರಿಯ ನಡುವೆ ಸ್ವಲ್ಪ ಹೊತ್ತು ದೀಪ ಹಾಕಿದರೆ ಸಾಕು, ಹೂವೇ ನಿಂತುಹೋಯಿತು. ಗಿಡಕ್ಕೆ ಮುಖ್ಯವಾದದ್ದು ಮುರಿಯದ ಕತ್ತಲು ಎಂದು ಆಗ ಗೊತ್ತಾಯಿತು.

ಎಲೆಯೊಳಗೆ ಈ ಕಾವಲು ಕಾಯುವ ವಸ್ತುವಿನ ಹೆಸರು ಫೈಟೋಕ್ರೋಮ್. ಕೆಂಪು ಬೆಳಕು, ಅಂದರೆ 660 ನ್ಯಾನೊಮೀಟರ್ ಆಸುಪಾಸಿನದು, ತಾಗಿದರೆ ಅದು ಒಂದು ರೂಪ ತಾಳುತ್ತದೆ. 730ರ ಆಸುಪಾಸಿನ ದೂರಗೆಂಪು ತಾಗಿದರೆ ಬೇಗನೆ, ಕತ್ತಲಲ್ಲಿ ಬಿಟ್ಟರೆ ಮೆಲ್ಲಗೆ, ಹಿಂದಿನ ರೂಪಕ್ಕೆ ಮರಳುತ್ತದೆ. ಗಿಡದೊಳಗಿನ ಗಡಿಯಾರ ಈ ಸ್ಥಿತಿಯನ್ನು ಓದಿಕೊಂಡು ರಾತ್ರಿ ಎಷ್ಟು ಉದ್ದವಾಯಿತೆಂದು ತೀರ್ಮಾನಿಸುತ್ತದೆ. ಹುಣ್ಣಿಮೆಯ ಬೆಳದಿಂಗಳು ಅರ್ಧ ಲಕ್ಸ್‌ಗೂ ಕಡಿಮೆ. ಅದಕ್ಕೆ ಯಾವ ಅವರೆಯೂ ಮೋಸ ಹೋಗುವುದಿಲ್ಲ. ಬೀದಿದೀಪದ ಬುಡದಲ್ಲಿ ಹತ್ತಿಪ್ಪತ್ತು ಲಕ್ಸ್ ಬೀಳುತ್ತದೆ, ಅದೂ ರಾತ್ರಿಯಿಡೀ. ದೊಡ್ಡಪ್ಪನ ಅವರೆಗೆ ಪುಷ್ಯ ಮಾಸ ಬಂದದ್ದೇ ತಿಳಿಯಲಿಲ್ಲ.

ಇದೇ ಅನಾಹುತವನ್ನು ಬೇಕೆಂದೇ ಮಾಡಿ ಅನ್ನ ಗಳಿಸುವವರು ಸೇವಂತಿಗೆ ಬೆಳೆಗಾರರು. ಮಧುಗಿರಿಯಿಂದ ಗೌರಿಬಿದನೂರು ದಾಟಿ ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೊರಟರೆ, ಕತ್ತಲ ಬಯಲಿನ ನಡುವೆ ಇದ್ದಕ್ಕಿದ್ದಂತೆ ಎಕರೆಗಟ್ಟಲೆ ಬಲ್ಬು ಹತ್ತಿಕೊಂಡ ತೋಟ ಸಿಗುತ್ತದೆ. ಜಾತ್ರೆಯೋ ಮದುವೆ ಚಪ್ಪರವೋ ಎಂದುಕೊಂಡು ಹತ್ತಿರ ಹೋದರೆ ಜನವಿಲ್ಲ, ಸದ್ದಿಲ್ಲ. ಮೊಣಕಾಲೆತ್ತರದ ಸೇವಂತಿಗೆ ಸಾಲು, ಮೇಲೆ ತಂತಿ, ತಂತಿಗೆ ನೇತುಬಿದ್ದ ಮನೆಬಳಕೆಯ ಬಿಳಿ ಎಲ್‌ಇಡಿ ಬಲ್ಬು. ಬೆಳಕಿನಡಿ ಎಲೆಯ ಮೇಲಿನ ಇಬ್ಬನಿ ಕಾಣುತ್ತದೆ. ಪೂರ್ಣಿಮಾ, ಸೆಂಟ್ ಎಲ್ಲೋ, ಐಶ್ವರ್ಯ ಎಂದು ಅವರು ಹೆಸರು ಹೇಳುವ ತಳಿಗಳೆಲ್ಲ ಆಗ ಒಂದೇ ಹಸಿರು, ಏಕೆಂದರೆ ಒಂದರಲ್ಲೂ ಹೂವಿರುವುದಿಲ್ಲ. ಹೂ ಬಿಡಬೇಡ ಎಂದು ಹೇಳುವುದಕ್ಕೇ ಆ ಬಲ್ಬು ಉರಿಯುತ್ತಿರುವುದು.

ಸೇವಂತಿಗೆಯೂ ಅವರೆಯಂತೆ ಉದ್ದ ರಾತ್ರಿ ಬೇಡುವ ಗಿಡ. ಬೆಳಕಿನ ಅವಧಿ ಹದಿಮೂರೂವರೆ ಗಂಟೆಗಿಂತ ಕಡಿಮೆಯಾದರೆ ಹೆಚ್ಚಿನ ತಳಿಗಳು ಮೊಗ್ಗಿಗೆ ಹೊರಡುತ್ತವೆ. ನಮ್ಮಲ್ಲಿ ಜೂನ್‌ನ ಅತ್ಯಂತ ಉದ್ದದ ಹಗಲಿಗೆ ನಸುಕು, ಮುಸ್ಸಂಜೆಯ ಬೆಳಕನ್ನೂ ಕೂಡಿಸಿದರೆ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಹಾಗಾಗಿ ಮುಂಗಾರಿನಲ್ಲಿ ನೆಟ್ಟದ್ದು ಬೆಳೆದು ಚಳಿಗಾಲದಲ್ಲಿ ಹೂ ಕೊಡುವುದು ಹಳೆಯ ಪದ್ಧತಿ. ಆದರೆ ಯುಗಾದಿಯ ಹೂವಿಗೆಂದು ಡಿಸೆಂಬರ್‌ನಲ್ಲಿ ನಾಟಿ ಮಾಡಿದವನ ಗತಿ ಏನು? ರಾತ್ರಿ ಆಗಲೇ ಉದ್ದ. ಬೇರು ಕಚ್ಚಿದ ಕುಡಿ ಗೇಣುದ್ದ ಆಗುವ ಮೊದಲೇ ಮೊಗ್ಗು ಕಟ್ಟುತ್ತದೆ. ಕೊಂಬೆಯೇ ಇಲ್ಲದ ಗಿಡದಲ್ಲಿ ಎಷ್ಟು ಹೂ ಬಿಟ್ಟೀತು? ಅದಕ್ಕೆ ನಾಟಿಯಾದ ದಿನದಿಂದ ನಾಲ್ಕೈದು ವಾರ, ರಾತ್ರಿ ಹತ್ತರಿಂದ ಎರಡರವರೆಗೆ ದೀಪ. ಈ ನಡುವೆ ಕುಡಿ ಚಿವುಟುತ್ತಾರೆ, ಗಿಡ ಕವಲೊಡೆಯುತ್ತದೆ. ಗಿಡದ ಎತ್ತರ ಸರಿಯಾಯಿತು ಅನ್ನಿಸಿದ ದಿನ ಸ್ವಿಚ್ ಆರಿಸುತ್ತಾರೆ. ಅಲ್ಲಿಂದ ಎಂಟರಿಂದ ಹತ್ತು ವಾರಕ್ಕೆ ತೋಟ ಒಟ್ಟಿಗೆ ಅರಳುತ್ತದೆ. ಹಬ್ಬದಿಂದ ಹಿಂದಕ್ಕೆ ವಾರ ಎಣಿಸಿ ಸ್ವಿಚ್ ಆರಿಸುವ ದಿನ ಗೊತ್ತು ಮಾಡುವುದೇ ಇಲ್ಲಿನ ಪಂಚಾಂಗ. ಮಾರಿಗೆ ಎಷ್ಟು ದುಡ್ಡು ಸಿಗುತ್ತದೆ ಎಂಬುದು ಬಹುಮಟ್ಟಿಗೆ ಆ ಒಂದು ದಿನದ ಮೇಲೆ ನಿಂತಿರುತ್ತದೆ.

ಈ ಕೆಲಸಕ್ಕೆ ಬೇಕಾದ ಬೆಳಕು ಎಷ್ಟೆಂದು ಕೇಳಿದರೆ ಆಶ್ಚರ್ಯವಾಗುತ್ತದೆ. ಎಲೆಯ ಮೇಲೆ 100 ಲಕ್ಸ್ ಬಿದ್ದರೆ ಧಾರಾಳ. ನಡುಹಗಲ ಬಿಸಿಲು 1 ಲಕ್ಷ ಲಕ್ಸ್. ಅದರ ಸಾವಿರದಲ್ಲೊಂದು ಪಾಲು. ಹತ್ತಡಿಗೊಂದು ಬಲ್ಬು ಎಂದು ಲೆಕ್ಕ ಹಿಡಿಯಿರಿ, ಎಕರೆಗೆ ಸುಮಾರು 435 ಬಲ್ಬು. ತಲಾ 9 ವ್ಯಾಟ್, ನಾಲ್ಕು ಗಂಟೆ: ರಾತ್ರಿಗೆ 16 ಯೂನಿಟ್. ಹಳೆಯ 60 ವ್ಯಾಟ್‌ನ ಬುರುಡೆ ಬಲ್ಬಾಗಿದ್ದರೆ ಅದೇ ಕೆಲಸಕ್ಕೆ 104 ಯೂನಿಟ್ ಸುಡುತ್ತಿತ್ತು. ಬುರುಡೆ ಬಲ್ಬಿನ ಕಾಲದಲ್ಲಿ ಇದು ಕೈಗೆಟುಕದ ಮಾತಾಗಿತ್ತು. ಎಲ್‌ಇಡಿ ಅಗ್ಗವಾದ ಮೇಲೆ ದಾರಿ ತೆರೆಯಿತು. ಕೇಂದ್ರದ ಉಜಾಲಾ ಯೋಜನೆಗಾಗಿ ಸಗಟು ಖರೀದಿಯಲ್ಲಿ 2014ರಲ್ಲಿ 310 ರೂಪಾಯಿ ಇದ್ದ ಬಲ್ಬು 2016ರ ಹೊತ್ತಿಗೆ 38 ರೂಪಾಯಿಗೆ ಇಳಿದಿತ್ತು. ನಮ್ಮ ರಾಜ್ಯದಲ್ಲಿ ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ಮನೆಮನೆಗೆ ಹಂಚಿದ್ದೂ ಇದೇ ಬಲ್ಬನ್ನು. ಮನೆಯ ಕರೆಂಟ್ ಬಿಲ್ ಇಳಿಸಲು ಬಂದದ್ದು ಹೂವಿನ ತೋಟಕ್ಕೆ ಕಾಲಿಟ್ಟಿತು.

ಇನ್ನೂ ಉಳಿಸುವ ಉಪಾಯವಿದೆ. ನಾಲ್ಕು ಗಂಟೆ ಒಂದೇ ಸಮನೆ ಉರಿಸಬೇಕಾಗಿಲ್ಲ. ಅರ್ಧ ಗಂಟೆಗೆ ಹತ್ತು ನಿಮಿಷ ಹತ್ತಿಸಿ ಆರಿಸುತ್ತ ಹೋದರೂ ಸೇವಂತಿಗೆ ರಾತ್ರಿ ಮುರಿಯಿತೆಂದೇ ತಿಳಿಯುತ್ತದೆ. ಪದೇ ಪದೇ ಹತ್ತಿಸಿ ಆರಿಸಿದರೆ ಸಿಎಫ್‌ಎಲ್ ಸುಟ್ಟುಹೋಗುತ್ತಿತ್ತು, ಎಲ್‌ಇಡಿ ತಾಳಿಕೊಳ್ಳುತ್ತದೆ. ಒಂದು ಟೈಮರ್ ಹಾಕಿದರೆ ಕರೆಂಟ್ ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ದೀಪ ಉರಿಯುವ ತಿಂಗಳಲ್ಲಿ ಸಾಲಾಗಿ ಹಲವು ರಾತ್ರಿ ಕರೆಂಟ್ ಕೈಕೊಟ್ಟರೆ ಮಾತ್ರ ಕಷ್ಟ, ಗಿಡ ಮೊಗ್ಗಿಗೆ ತಿರುಗಿಬಿಡುತ್ತದೆ. ಮತ್ತೆ ದೀಪ ಹಾಕಿದರೆ ಆ ಮೊಗ್ಗು ಅತ್ತ ಅರಳದೆ ಇತ್ತ ಉದುರದೆ ಮುರುಟುತ್ತದೆ. ಇನ್ನೊಂದು ಮಾತು ಕೈಮುಗಿದು ಹೇಳಬೇಕು. ಒದ್ದೆ ನೆಲ, ಬರಿಗಾಲು, ಜೋಡಿಸಿ ಟೇಪು ಸುತ್ತಿದ ತಂತಿ ಇವು ಒಂದೆಡೆ ಸೇರಿದರೆ ಜೀವಕ್ಕೇ ಅಪಾಯ. ಮಳೆಗೆ ತಾಳುವ ಹೋಲ್ಡರು, ಸೋರಿಕೆ ಕಂಡ ಕೂಡಲೆ ಬೀಳುವ ಸ್ವಿಚ್ಚು ಇಲ್ಲದೆ ತೋಟಕ್ಕೆ ದೀಪ ಎಳೆಯಬೇಡಿ. ಪಂಪ್‌ಸೆಟ್ಟಿಗೆಂದು ಪಡೆದ ಸಂಪರ್ಕಕ್ಕೆ ಬಲ್ಬು ಪೋಣಿಸುವ ಮೊದಲು ವಿದ್ಯುತ್ ಕಚೇರಿಯಲ್ಲಿ ಕೇಳಿಕೊಳ್ಳಿ.

ಡ್ರ್ಯಾಗನ್ ಹಣ್ಣಿನದು ಇದಕ್ಕೆ ತದ್ವಿರುದ್ಧ. ಅದು ಗಿಡ್ಡ ರಾತ್ರಿಯಲ್ಲಿ ಹೂ ಬಿಡುವ ಕಳ್ಳಿ. ನಮ್ಮಲ್ಲಿ ಮುಂಗಾರಿನ ತಿಂಗಳುಗಳಲ್ಲಿ ಕಾಯಿ ಹಿಡಿದು ಚಳಿಗಾಲಕ್ಕೆ ಸುಮ್ಮನಾಗುತ್ತದೆ. ವಿಯೆಟ್ನಾಮಿನ ಬಿನ್ ತುವಾನ್ ಸೀಮೆಯಲ್ಲಿ ಚಳಿಗಾಲದ ರಾತ್ರಿ ಬಲ್ಬು ಹಾಕಿ ಅಕಾಲದಲ್ಲಿ ಹಣ್ಣು ತೆಗೆಯುವುದು ದೊಡ್ಡ ವ್ಯವಹಾರ. ತುಮಕೂರಿನ ಪಕ್ಕದ ಹಿರೇಹಳ್ಳಿಯಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವಿದೆ. 2023ರಲ್ಲಿ ಅಲ್ಲಿಗೆ ಡ್ರ್ಯಾಗನ್ ಹಣ್ಣಿನ ಉತ್ಕೃಷ್ಟತಾ ಕೇಂದ್ರ ಮಂಜೂರಾಯಿತು. ಕಡಿಮೆ ನೀರಿಗೆ ಬರುವ ಈ ಕಳ್ಳಿಯನ್ನು ನಮ್ಮ ಒಣಸೀಮೆಯವರು ನೆಡುವಾಗ ಅಲ್ಲಿ ಒಮ್ಮೆ ವಿಚಾರಿಸುವುದು ಒಳ್ಳೆಯದು. ಒಂದೇ ಬಲ್ಬು, ಒಂದೇ ಹೊತ್ತು. ಸೇವಂತಿಗೆ ಹೂ ಮುಂದೂಡುತ್ತದೆ, ಡ್ರ್ಯಾಗನ್ ಹೂ ಬಿಡುತ್ತದೆ.

ಇನ್ನು ಊಟದ ಬೆಳಕು. ಮನೆಯೊಳಗೆ, ಗೋದಾಮಿನೊಳಗೆ, ಕಪಾಟಿನ ಮೇಲೆ ಕಪಾಟು ಇಟ್ಟು ಸೊಪ್ಪು ಬೆಳೆಯುವ ಚಿತ್ರಗಳನ್ನು ಮೊಬೈಲಿನಲ್ಲಿ ನೋಡಿ ನಮ್ಮ ಹುಡುಗರು ಕೇಳುತ್ತಾರೆ, ಹಳ್ಳಿಯಲ್ಲಿ ಮಾಡಬಹುದಾ ಎಂದು. ಅವರಿಗೆ ನಾನು ಪೆನ್ನು ಕಾಗದ ಕೊಟ್ಟು ಲೆಕ್ಕ ಹಾಕಿಸುತ್ತೇನೆ.

ಗಿಡ ತಿನ್ನುವ ಬೆಳಕನ್ನು ಬೆಳಕಿನ ಕಣಗಳ ಲೆಕ್ಕದಲ್ಲಿ ಅಳೆಯುತ್ತಾರೆ. ಅದರ ಅಳತೆ ಮೋಲ್. ನಮ್ಮ ಬಯಲಿನ ಒಳ್ಳೆಯ ಬಿಸಿಲ ದಿನ ಒಂದು ಚದರ ಮೀಟರಿಗೆ 40 ಮೋಲ್ ಸುರಿಯುತ್ತದೆ. ಲೆಟಿಸ್‌ನಂಥ ಎಳೆಸೊಪ್ಪಿಗೆ ದಿನಕ್ಕೆ 14 ಸಾಕು. ಒಳ್ಳೆಯ ಗ್ರೋ ಲೈಟ್ ಒಂದು ಯೂನಿಟ್ ಕರೆಂಟಿಗೆ 10 ಮೋಲ್ ಕೊಡುತ್ತದೆ. ಅಂದರೆ ಒಂದು ಚದರ ಮೀಟರ್ ಸೊಪ್ಪಿಗೆ ದಿನಕ್ಕೆ 1.4 ಯೂನಿಟ್, 35 ದಿನದ ಬೆಳೆಗೆ 49 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ 343 ರೂಪಾಯಿ. ಅಷ್ಟು ಜಾಗದಲ್ಲಿ ಮೂರೂವರೆ ಕಿಲೋ ಸೊಪ್ಪು ಬಂತೆಂದರೂ ಕಿಲೋಗೆ ಸುಮಾರು 100 ರೂಪಾಯಿ ಬರೀ ಬೆಳಕಿಗೇ ಹೋಯಿತು. ಎಸಿ, ಗೊಬ್ಬರದ ನೀರು, ಕೂಲಿ ಇನ್ನೂ ಬಾಕಿ. ದೊಡ್ಡ ಹೋಟೆಲಿಗೆ ಸಲಾಡ್ ಎಲೆ ಕೊಡುವವನಿಗೆ ಇದು ಹೊಂದಬಹುದು. ದಂಟು, ಮೆಂತ್ಯ ಬೆಳೆಯುವವನಿಗೆ ಖಂಡಿತ ಇಲ್ಲ.

ಬಿಸಿಲನ್ನೇ ದೀಪದಿಂದ ಕೊಡುತ್ತೇನೆಂದರೆ? ಪಾವಗಡಕ್ಕೆ ಹೋಗಿ ನಿಂತು ಯೋಚಿಸಿ. ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಊರುಗಳ ಸುಮಾರು 13,000 ಎಕರೆಯಲ್ಲಿ ಹಾಸಿದ ಸೌರ ಫಲಕ, 2,050 ಮೆಗಾವ್ಯಾಟ್ ಸಾಮರ್ಥ್ಯ. ರೈತರ ಜಮೀನನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದು ಆರಂಭಿಸಿದ ಪಾರ್ಕು ಅದು. 2018ರ ಮಾರ್ಚ್ 1ರಂದು ಉದ್ಘಾಟನೆಯಾಯಿತು. ಅಲ್ಲಿನ ಒಂದು ಎಕರೆ ದಿನಕ್ಕೆ ಸರಾಸರಿ 800 ಯೂನಿಟ್ ಕೊಡುತ್ತದೆ ಎಂದು ಹಿಡಿಯೋಣ. ಒಂದು ಎಕರೆ ಬೆಳೆಗೆ ಬಿಸಿಲಿನಷ್ಟೇ ಬೆಳಕನ್ನು ಎಲ್‌ಇಡಿಯಿಂದ ಕೊಡಲು ದಿನಕ್ಕೆ 16,000 ಯೂನಿಟ್ ಬೇಕು. ಇಪ್ಪತ್ತು ಎಕರೆ ಫಲಕದ ಮೇಲೆ ಬಿದ್ದ ಬಿಸಿಲನ್ನು ಹಿಡಿದು, ತಂತಿಯಲ್ಲಿ ಹರಿಸಿ, ಮತ್ತೆ ಬೆಳಕು ಮಾಡಿ ಒಂದು ಎಕರೆಗೆ ಸುರಿದಂತಾಯಿತು. ಆ ಒಂದು ಎಕರೆಗೆ ಮೇಲಿನಿಂದ ಅದೇ ಬಿಸಿಲು ಪುಕ್ಕಟೆ ಬೀಳುತ್ತಿದೆ.

ಹಸಿರುಮನೆಯ ವಿಷಯದಲ್ಲೂ ನಾವು ತಣ್ಣನೆ ದೇಶದವರನ್ನು ಕಣ್ಣು ಮುಚ್ಚಿ ಅನುಸರಿಸುವ ಹಾಗಿಲ್ಲ. ಹಾಲೆಂಡಿನಲ್ಲಿ ಚಳಿಗಾಲದ ಮಂಕು ಹಗಲಿಗೆ ಬೆಳಕು ಸೇರಿಸದೆ ಟೊಮೆಟೊ ಆಗುವುದಿಲ್ಲ. ನಮ್ಮ ಪಾಲಿಹೌಸಿನಲ್ಲಿ ಬೆಳಕು ಹೆಚ್ಚಾಗಿ ದೊಣ್ಣೆಮೆಣಸು ಸುಡುತ್ತದೆಂದು ನೆರಳುಬಲೆ ಎಳೆಯುತ್ತೇವೆ. ತೋಟ ನಮಗೆ ಹೊಸದಲ್ಲ. 1760ರಲ್ಲಿ ಹೈದರಾಲಿ ಬೆಂಗಳೂರಿನ ಲಾಲ್‌ಬಾಗ್‌ಗೆ ಮಾದರಿಯಾಗಿ ನೋಡಿದ್ದು ಇದೇ ಶಿರಾದ ಮೊಗಲ್ ತೋಟಗಳನ್ನು. ನಮ್ಮ ಸೀಮೆಯಲ್ಲಿ ತೋಟ ಕಟ್ಟಿದವರಿಗೆ ಯಾವತ್ತೂ ಕೊರತೆಯಾದದ್ದು ನೀರು, ಬೆಳಕಲ್ಲ.

ಹಾಗೆಂದು ಊಟದ ದೀಪಕ್ಕೆ ಇಲ್ಲಿ ಕೆಲಸವೇ ಇಲ್ಲವೆಂದಲ್ಲ. ಅಂಗಾಂಶ ಕೃಷಿಯ ಪ್ರಯೋಗಾಲಯದಲ್ಲಿ ಬಾಳೆಯ ಎಳೆಸಸಿ ಬಾಟಲಿಯೊಳಗೆ ದಿನಕ್ಕೆ 16 ಗಂಟೆ ದೀಪದಲ್ಲೇ ಬೆಳೆಯುತ್ತದೆ. ಹಿಂದೆ ಟ್ಯೂಬ್‌ಲೈಟ್ ಹಾಕಿದಾಗ ಅದರ ಕಾವನ್ನು ತಗ್ಗಿಸಲು ಎಸಿಯೂ ದುಡಿಯಬೇಕಿತ್ತು. ಎಲ್‌ಇಡಿ ಬಂದು ಎರಡೂ ಬಿಲ್ ಇಳಿದವು. ಒಂದು ಕೋಣೆಯಲ್ಲಿ ಸಾವಿರಾರು ಸಸಿ ಹಿಡಿಯುವ ಜಾಗ ಅದು, ಒಂದೊಂದಕ್ಕೂ ಬೆಲೆಯಿದೆ. ದೀಪದ ಖರ್ಚು ಹುಟ್ಟುತ್ತದೆ.

ಕಿಟಕಿಯಾಚೆ ಹಿಮವಿರುವ ಊರುಗಳಲ್ಲೂ ಹುಟ್ಟುತ್ತದೆ. ದೊಡ್ಡಪ್ಪನ ಮೊಮ್ಮಗಳು ಇರುವುದು ಮಿನಿಯಾಪೊಲಿಸ್‌ನಲ್ಲಿ. ಅಲ್ಲಿ ಡಿಸೆಂಬರಿನ ಹಗಲು 9 ಗಂಟೆಯೂ ಇಲ್ಲ. ಅವಳ ಅಡುಗೆಮನೆಯ ಮೂಲೆಯಲ್ಲಿ ಒಂದು ಕರಿಬೇವು, ಒಂದು ತುಳಸಿ, ಎರಡರ ಮೇಲೂ ಒಂದೇ ಬಿಳಿ ದೀಪ. ಬೆಳಿಗ್ಗೆ ಆರಕ್ಕೆ ಹತ್ತಿ ರಾತ್ರಿ ಎಂಟಕ್ಕೆ ಆರುತ್ತದೆ. ಎಲೆ ಉದುರಿ ಬರಿ ಕಡ್ಡಿಯಾಗಿದ್ದ ಕರಿಬೇವು ದೀಪ ಹಾಕಿದ ಮೂರನೇ ವಾರಕ್ಕೆ ಚಿಗುರಿತೆಂದು ವಿಡಿಯೋ ಕಾಲಿನಲ್ಲಿ ತೋರಿಸಿದಳು. ಒಗ್ಗರಣೆಗೆ ನಾಲ್ಕು ಎಲೆ ಕಿತ್ತದ್ದನ್ನೂ ತೋರಿಸಿದಳು. ಆ ಚಿಗುರಿಗೆ ಯೂನಿಟ್ ಲೆಕ್ಕ ಹಾಕಲು ನನಗೆ ಮನಸ್ಸಾಗಲಿಲ್ಲ.

ಮನೆಯೊಳಗೆ ದೀಪ ಹಾಕುವವರಿಗೆ ನನ್ನ ಅನುಭವದ ಒಂದು ಮಾತು. ಆನ್‌ಲೈನಿನಲ್ಲಿ ನೇರಳೆ ಬಣ್ಣದ ಗ್ರೋ ಲೈಟ್ ತರಿಸಿ ಮೆಣಸಿನ ಸಸಿ ಎಬ್ಬಿಸಿದ್ದೆ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ 1000 ವ್ಯಾಟ್ ಎಂದಿತ್ತು. ಮೀಟರ್ ಹಚ್ಚಿ ನೋಡಿದರೆ ಎಳೆದದ್ದು 100ಕ್ಕಿಂತ ಕಡಿಮೆ. ಎರಡು ವಾರಕ್ಕೆ ಸಸಿಗಳು ನೂಲಿನಂತೆ ಉದ್ದವಾಗಿ ಮಗುಚಿಬಿದ್ದವು. ಬೆಳಕು ಸಾಲದ ಸಸಿ ಹೀಗೇ ಕತ್ತು ಚಾಚುತ್ತದೆ. ದೀಪವನ್ನು ಎರಡಡಿಯಿಂದ ಒಂದಡಿಗೆ ಇಳಿಸಿದ ಮೇಲೆ ಮುಂದಿನ ಸಸಿಗಳು ಗಿಡ್ಡಗೆ, ದಪ್ಪಗೆ ಎದ್ದವು. ನೇರಳೆ ಬಣ್ಣವೇ ಬೇಕೆಂಬ ನಂಬಿಕೆಯೂ ಬೇಡ. ಎಲೆಹಸಿರು ಕೆಂಪು ನೀಲಿಯನ್ನು ಹೆಚ್ಚು ಹೀರುತ್ತದೆ ನಿಜ, ಆದರೆ ಹಸಿರು ಬೆಳಕೂ ಗಿಡಕ್ಕೆ ಊಟವೇ ಎಂದು 1972ರಲ್ಲೇ ಮೆಕ್ರೀ ಎಂಬ ವಿಜ್ಞಾನಿ ಅಳೆದು ತೋರಿಸಿದ್ದಾರೆ. ಬಿಳಿ ದೀಪದಲ್ಲಿ ಎಲೆಯ ನಿಜಬಣ್ಣ, ಅದರ ಹಿಂದೆ ಕೂತ ನುಸಿ, ಎರಡೂ ಕಣ್ಣಿಗೆ ಬೀಳುತ್ತವೆ. ಮೊಬೈಲಿನ ಲಕ್ಸ್ ಆ್ಯಪ್‌ನಲ್ಲಿ ಸಸಿಯ ತುದಿಗೆ 10,000 ದಾಟಿದರೆ ತರಕಾರಿ ಸಸಿಗೆ ಸಾಕು. ಅಂದಾಜಿಗೆ ಅಷ್ಟು ನೆಚ್ಚಬಹುದು.

ನನಗೆ ಹೆಚ್ಚು ಚಿಂತೆ ಇರುವುದು ಬಯಲಿನ ದೀಪದ ಬಗ್ಗೆ. ಸೇವಂತಿಗೆಗೆ ಹಾಕಿದ ಬಲ್ಬಿನ ಬೆಳಕು ಬೇಲಿಯಲ್ಲಿ ನಿಲ್ಲುವುದಿಲ್ಲ. ಪಕ್ಕದವನ ಹೊಲದಲ್ಲಿ ನಾಟಿ ಅವರೆಯೋ ತೊಗರಿಯೋ ಹುಚ್ಚೆಳ್ಳೋ ಇದ್ದರೆ ಅವೂ ಉದ್ದ ರಾತ್ರಿ ಕಾಯುವ ಬೆಳೆಗಳೇ. ದೀಪಕ್ಕೆ ಪತಂಗವೂ ಮುತ್ತುತ್ತದೆ, ಕಾಯಿಕೊರಕದ ತಾಯಿಪತಂಗವೂ ಅದರಲ್ಲಿರುತ್ತದೆ. ಬಲ್ಬಿನ ಮೇಲೊಂದು ತಗಡಿನ ಟೋಪಿ ಇಟ್ಟರೆ ಬೆಳಕು ಕೆಳಗೆ ಬೀಳುತ್ತದೆ, ಅಂಚಿನ ಸಾಲಿಗೆ ಬಲ್ಬು ಬಿಟ್ಟರೆ ನೆರೆಯವನ ಕತ್ತಲು ಉಳಿಯುತ್ತದೆ. ಬೀದಿದೀಪಕ್ಕೂ ಹೊಲದ ಬದಿಗೆ ಒಂದು ಮರೆ ಹಾಕುವುದು ಕಷ್ಟದ ಕೆಲಸವಲ್ಲ. ಬದುವಿನ ನೀರಿಗೆ, ದನ ನುಗ್ಗಿದ್ದಕ್ಕೆ ನ್ಯಾಯ ಕೂರುವ ನಮ್ಮ ಊರುಗಳಲ್ಲಿ ಕತ್ತಲಿಗೂ ಒಂದು ನ್ಯಾಯ ಇರಬೇಕೆಂದು ನಾನು ನಂಬುತ್ತೇನೆ.

ದೊಡ್ಡಪ್ಪ ಅರ್ಜಿ ಬರೆಯುವ ಗೋಜಿಗೆ ಹೋಗಲಿಲ್ಲ. ಮುಂದಿನ ಮುಂಗಾರಿನಲ್ಲಿ ಕಂಬದ ಬುಡದಿಂದ ಹೆಜ್ಜೆ ಎಣಿಸುತ್ತ ನಡೆದು, ಹದಿನಾಲ್ಕನೆಯದಕ್ಕೆ ಒಂದು ಕಲ್ಲು ನೆಟ್ಟರು. ಕಲ್ಲಿನ ಈಚೆಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಎಚ್‌ಎ-4 ತಳಿ ಬಿತ್ತಿದರು; ಹೆಬ್ಬಾಳದಲ್ಲಿ ರೂಪುಗೊಂಡ ಆ ಅವರೆ ಹಗಲು ರಾತ್ರಿಯ ಲೆಕ್ಕವಿಡದೆ ಹೂ ಬಿಡುವಂಥದ್ದು. ಕಲ್ಲಿನಾಚೆಗೆ ತಮ್ಮ ತಾಯಿ ಮಡಕೆಯಲ್ಲಿ ಬೂದಿ ಬೆರೆಸಿ ಇಟ್ಟು ಕಾಪಾಡಿಕೊಂಡು ಬಂದ ನಾಟಿ ಬೀಜ. ದೀಪದಡಿಯ ಅವರೆ ದಸರೆ ಹೊತ್ತಿಗೇ ಕಾಯಿ ಕೊಟ್ಟಿತು. ನಾಟಿಯದು ಪುಷ್ಯಕ್ಕೇ ಬಂತು. ಹಿತಕಿದ ಬೇಳೆಯ ಸಾರಿಗೆ ಅಂದು ದೊಡ್ಡಮ್ಮ ಕಲ್ಲಿನಾಚೆಯ ಕಾಯಿಯನ್ನೇ ಬಿಡಿಸಿ ತರಲು ಹೇಳಿದ್ದರು.